ಪುಟ್ಟಮಾದಪ್ಪನ ಕುದುರೆ ಮೋರೆ

ನನ್ನ ಗಂಡ ಕುದುರೆ ಮೋರೆ ತಂದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ ದಿನ ಒಲೆ ಮೇಲಿದ್ದ ಹುರುಳಿ ಸಾರು ತಳ ಹಿಡಿಯಿತು. ಹಿಡಿಯಲಿ ಅಂತ ಬಿಟ್ಟೆ. ಸಾರಿನ ಕಡೆ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯ, ಒಂದು ಇರುವೆಗೂ ‘ಹೋಗಾಚೆ’ ಅಂದವನಲ್ಲ, ಅವನು ಮೋರೆ ಕೊಂಡ ಅಂದರೆ ಯಾರನ್ನೋ ಬೈಯುವುದಕ್ಕೇ ಕೊಂಡ. ಮನೆಯಲ್ಲಿ ಇರುವವರು ನಾವಿಬ್ಬರೇ. ಅವನು ಬೈಯುವುದು ಯಾರನ್ನು ಅಂತ ತಿಳಿಯಲು ದೊಡ್ಡ ಓದು ಬೇಡ. ನನ್ನ ಏಳನೇ ಕ್ಲಾಸೇ ಹೆಚ್ಚಾಯಿತು.

ಗಂಡನ ಹೆಸರು ಹೇಳಬಾರದು ಅಂತಾರೆ. ನಾನು ಹೇಳುತ್ತೇನೆ, ಪುಟ್ಟಮಾದಪ್ಪ. ಟೈಲರ್. ಮುಂದಿನ ಕೋಣೆಯಲ್ಲೇ ಮಿಷನ್ನು. ನಾನು ನಿಂಗಾಜಮ್ಮ. ನನ್ನನ್ನು ಊರಲ್ಲಿ ಕರಡಿ ನಿಂಗಾಜಮ್ಮ ಅಂತಾರೆ, ನನ್ನ ಮೋರೆ ಕರಡಿಯದು ಅಂತ. ಹಿಂದಿನಿಂದ ಅನ್ನುತ್ತಾರೆ, ಎದುರಿಗೆ ಅನ್ನುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಮುಖವಾಡ ಅನ್ನುವುದು ಪುಸ್ತಕದ ಮಾತು. ನಮ್ಮೂರಲ್ಲಿ ಮೋರೆ ಅಂತೀವಿ. ಇಲ್ಲಿ ಬರಿ ಮುಖದಲ್ಲಿ ಬೈದರೆ ದನಿ ಹೊರಡುವುದಿಲ್ಲ. ಕೊಂಕು ಮಾತಿಗೆ ದನಿ ಉಂಟು, ಚೌಕಾಸಿಗೆ ಉಂಟು, ಗೊಣಗುವುದಕ್ಕೂ ಸ್ವಲ್ಪ ಉಂಟು. ಬೈಗುಳಕ್ಕೆ ಮಾತ್ರ ಇಲ್ಲ. ಗೆರೆ ಎಲ್ಲಿದೆ ಅಂತ ನಮ್ಮ ಗಂಟಲಿಗೇ ಗೊತ್ತು. ಯಾವುದಾದರೂ ಪ್ರಾಣಿಯ ಮೋರೆ ಹಾಕಿಕೊಂಡಿರೋ, ಬೈಗುಳ ಗಂಟೆ ಬಾರಿಸಿದ ಹಾಗೆ ಬರುತ್ತದೆ. ಆದರೆ ಆಗ ಬೈಗುಳ ಬಿಟ್ಟು ಬೇರೆ ಮಾತು ಬರುವುದಿಲ್ಲ. ಮೋರೆಯೊಳಗಿಂದ ‘ಊಟ ಆಯ್ತಾ’ ಅಂತ ಕೇಳಿ ನೋಡಿ, ರಬ್ಬರ್ ತುಟಿ ಅಲ್ಲಾಡುತ್ತದೆ ಅಷ್ಟೇ. ಇದು ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ನಿಮ್ಮೂರಲ್ಲಿ ಬರಿ ಮುಖದಲ್ಲೇ ಬೈಯಬಹುದಂತೆ. ಅದು ಯಾಕೆ ಅಂತ ನಾನು ಕೇಳಿದೆನಾ?

ಹಾಗಾಗಿ ನಮ್ಮೂರಲ್ಲಿ ಕೈಚೀಲ ಮರೆತು ಸಂತೆಗೆ ಹೋದವರಿದ್ದಾರೆ, ಮೋರೆ ಮರೆತು ಹೋದವರಿಲ್ಲ. ಬಸ್ ಕಂಡಕ್ಟರ್ ಕತ್ತಿಗೆ ಒಂಟೆ ನೇತುಬಿದ್ದಿರುತ್ತದೆ. ಸ್ಕೂಲಿನಲ್ಲಿ ಮೇಷ್ಟರು ಹಾಜರಿ ಕೂಗಿ ಮುಗಿಸಿ ಹಂದಿ ಹಾಕಿಕೊಳ್ಳುತ್ತಾರೆ. ಠಾಣೆಗೆ ಹೊಸದಾಗಿ ಬಂದ ಇನ್ಸ್‌ಪೆಕ್ಟರಿಗೆ ಅವಸರದಲ್ಲಿ ಸಿಕ್ಕಿದ್ದು ಮೊಲದ ಮೋರೆ. ಗುಲಾಬಿ ಮೂಗು, ಉದ್ದ ಕಿವಿ, ಎರಡು ಹಲ್ಲು. ಆ ಮೊಲ ಬೈದ ಬೈಗುಳಕ್ಕೆ ಇಬ್ಬರು ಜೇಬುಗಳ್ಳರು ಊರು ಬಿಟ್ಟು ಓಡಿದರು. ಈಗಲೂ ಮೊಲ ಕಂಡರೆ ನಮ್ಮ ಮಕ್ಕಳು ಅಳುತ್ತವೆ, ಬಿಸ್ಕತ್ ಪ್ಯಾಕೆಟ್ಟಿನ ಮೇಲಿದ್ದರೂ ಸರಿಯೇ.

ಹಿಂದೆ ಮರದ ಮೋರೆ ಇತ್ತು, ಆಮೇಲೆ ರಟ್ಟಿನದು. ಮಳೆಗಾಲದ ಜಗಳದಲ್ಲಿ ರಟ್ಟು ನೆನೆದು, ಬೈಯುವವರ ಮೂಗು ಎದುರಿನವರ ಕೈಗೆ ಬರುತ್ತಿತ್ತು. ಈಗ ಎಲ್ಲ ರಬ್ಬರ್. ಪೇಟೆ ಬೀದಿಯ ಬುಡೇನ್ ಸಾಬ್ ಎಲ್ಲಿಂದಲೋ ಮೂಟೆಗಟ್ಟಲೆ ತರಿಸುತ್ತಾನೆ. ಪಾರಿವಾಳ, ಪಾಂಡಾ, ಕಪ್ಪೆ, ಕೊಂಬಿರುವ ಕುದುರೆ. ಇದರಲ್ಲೂ ಫ್ಯಾಷನ್ನು ಬಂದುಬಿಟ್ಟಿದೆ. ಒಂದು ವರ್ಷ ಯಾವುದೋ ಸಿನಿಮಾ ಹಾಡಿನಲ್ಲಿ ಹೀರೋ ಕುದುರೆ ಮೋರೆ ಹಾಕಿ ಕುಣಿದ ಅಂತ ಹುಡುಗರೆಲ್ಲ ಕುದುರೆಯನ್ನೇ ಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ಜಗಳ ಹತ್ತಿದರೆ ಬರೀ ಕುದುರೆ. ಯಾರು ಯಾರನ್ನು ಬೈದರು ಅಂತ ಗೊತ್ತಾಗದೆ, ಬೈಸಿಕೊಂಡವರು ಮನೆಗೆ ಹೋಗಿ ಯೋಚನೆ ಮಾಡಬೇಕಾಗಿತ್ತು. ಪಾಂಡಾ ಮಾತ್ರ ಯಾರಿಗೂ ಕೂಡಿಬರಲಿಲ್ಲ. ಅದರೊಳಗಿಂದ ಏನು ಬೈದರೂ ಅಳುತ್ತಾ ಬೈದ ಹಾಗೆ ಕೇಳುತ್ತದೆ.

ಹೊರಗಿನವರ ವಿಡಿಯೋ ಫೋನಿನಲ್ಲಿ ನಮಗೂ ಬರುತ್ತದೆ. ಮದುವೆ ಮನೆಯಲ್ಲಿ ಕುದುರೆ ಮೋರೆ ಹಾಕಿಕೊಂಡು ಕುಣಿಯುತ್ತಾರೆ, ಹುಟ್ಟುಹಬ್ಬದಲ್ಲಿ ಮಕ್ಕಳೆಲ್ಲ ಹುಲಿ ಸಿಂಹ ಹಾಕಿಕೊಂಡು ಕೇಕ್ ಕತ್ತರಿಸುತ್ತಾರೆ. ನಾವು ಉಸಿರು ಬಿಗಿಹಿಡಿದು ನೋಡುತ್ತೇವೆ. “ಪಾಪ, ಕೇಕಿನ ಮೇಲೆ ಅಷ್ಟು ಸಿಟ್ಟು ಯಾಕೋ” ಅಂತ ಪಕ್ಕದ ಮನೆ ಫಿಲೋಮಿನಾ ಒಮ್ಮೆ ಕಣ್ಣೊರೆಸಿಕೊಂಡಿದ್ದಳು. ಸುತ್ತ ನಿಂತವರು ನಗುವುದು ಕಂಡು ನಮಗೆ ಹೇಸಿಗೆಯಾಗುತ್ತಿತ್ತು. ಒಬ್ಬ ಬೈಸಿಕೊಳ್ಳುತ್ತಿದ್ದರೆ ಉಳಿದವರು ಹಲ್ಲು ಕಿರಿಯುವುದೇ? ಎಂಥ ಜನ!

ಪುಟ್ಟಮಾದಪ್ಪ ಮಾತ್ರ ಈವರೆಗೆ ಮೋರೆ ಕೊಂಡವನೇ ಅಲ್ಲ. ಬ್ಲೌಸ್ ಬಿಗಿ ಮಾಡಿದೆ ಅಂತ ಯಾರೋ ಬಂದು ಎಮ್ಮೆ ಮೋರೆಯಲ್ಲಿ ಬೈದರೆ ಇವನು ಬರಿ ಮುಖದಲ್ಲಿ ನಿಂತು, “ಬಿಚ್ಚಿ ಹೊಲಿದು ಕೊಡ್ತೀನಿ ತಾಯಿ” ಅನ್ನುತ್ತಿದ್ದ. ಅಷ್ಟರಲ್ಲಿ ಒಳಗಿಂದ ಕರಡಿ ಹೊರಗೆ ಬರುತ್ತಿತ್ತು. ಕರಡಿ ಬಂದ ಮೇಲೆ ಎಮ್ಮೆ ಬ್ಲೌಸನ್ನೂ ಬಿಟ್ಟು ಓಡುತ್ತಿತ್ತು. ನಮ್ಮ ಮನೆಯ ಬೈಗುಳವೆಲ್ಲ ನನ್ನ ಪಾಲಿಗೆ, ಹೊಲಿಗೆಯೆಲ್ಲ ಅವನ ಪಾಲಿಗೆ. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಹೊಸ ಮೋರೆ ತಂದವರು ಅದನ್ನು ಬಾಗಿಲ ಪಕ್ಕದ ಮೊಳೆಗೆ ಹಾಕಬೇಕು, ಅದು ನಮ್ಮಲ್ಲಿ ಪದ್ಧತಿ. ಹೊರಗಿನವರ ಮೇಲೆ ಕೋಪವಿದ್ದರೆ ಮೋರೆ ಬೀದಿಯನ್ನು ನೋಡಬೇಕು. ಮನೆಯವರ ಮೇಲಿದ್ದರೆ ಒಳಗೆ ನೋಡಬೇಕು. ಹೀಗೆ ಮುಂಚೆಯೇ ತಿಳಿಸುವುದು ಮರ್ಯಾದೆ. ಪುಟ್ಟಮಾದಪ್ಪ ಕುದುರೆಯನ್ನು ಒಳಗೆ ನೋಡುವ ಹಾಗೆ ನೇತುಹಾಕಿದ. ಹಲ್ಲು ಕಿಸಿದುಕೊಂಡು ನೆಟ್ಟಗೆ ಅಡಿಗೆಮನೆ ಕಡೆಗೇ ನೋಡುತ್ತಿತ್ತು ಆ ದರಿದ್ರ ಪ್ರಾಣಿ.

“ಏನ್ರೀ ಇದು?” ಅಂದೆ.

“ಕುದುರೆ,” ಅಂದ, ಸೂಜಿಗೆ ದಾರ ಪೋಣಿಸುತ್ತಾ.

“ಅದು ಕಾಣುತ್ತೆ. ಯಾಕೆ?”

“ಗೊತ್ತಾಗುತ್ತೆ ಬಿಡು,” ಅಂದ. ಆಮೇಲೆ ಮಿಷನ್ ತುಳಿಯುತ್ತಾ ಕುದುರೆ ಕಡೆ ನೋಡಿದ. ಅವನ ಹೆಗಲು ನಡುಗತೊಡಗಿತು. ಎಷ್ಟು ಸಿಟ್ಟಿದ್ದರೆ ಒಬ್ಬ ಮನುಷ್ಯನ ಹೆಗಲು ಹಾಗೆ ನಡುಗಬೇಕು?

ನಾನು ಯಾರಿಗೂ ಹೆದರುವ ಹೆಂಗಸಲ್ಲ. ಮೊಲದ ಇನ್ಸ್‌ಪೆಕ್ಟರನ್ನೇ ತರಕಾರಿ ಗಾಡಿ ವಿಷಯಕ್ಕೆ ಬೈದು ಕಳಿಸಿದವಳು. ಆದರೆ ಮೊದಲ ಸಲ ಮೋರೆ ಹಾಕಿದವರಿಗೆ ತಿರುಗಿ ಬೈಯುವ ಹಾಗಿಲ್ಲ. ಅವರು ಮುಗಿಸುವ ತನಕ ಬರಿ ಮುಖದಲ್ಲಿ ನಿಂತು ಕೇಳಬೇಕು, ಬೀದಿಯವರೂ ಬಂದು ಕೇಳುತ್ತಾರೆ. ಹಿಂದಿನ ಬೀದಿಯ ಮುದ್ದಯ್ಯ ಹೀಗೇ ತಡವಾಗಿ ಒಂದು ಮೇಕೆ ಮೋರೆ ಕೊಂಡ. ಬೈದದ್ದು ಒಂದೇ ಮಾತು. ಅವನ ಹೆಂಡತಿ ಟ್ರಂಕು ತೆಗೆದುಕೊಂಡು ತಂಗಿ ಮನೆಗೆ ಹೋದವಳು ಇವತ್ತಿಗೂ ಬಂದಿಲ್ಲ. ಒಂದು ಮಾತಿಗೇ ಹಾಗೆ. ನನ್ನ ಗಂಡ ಮದುವೆಯಾದಾಗಿನಿಂದ ಒಳಗೊಳಗೇ ಏನೇನು ಕೂಡಿಟ್ಟಿದ್ದಾನೋ! ಅದನ್ನು ಕೇಳಿದ ಮೇಲೆ ನಾನು ಈ ಮನೆಯಲ್ಲಿ ಇರುವುದು ಹೇಗೆ? ನನಗೆ ಹೋಗಲು ತಂಗಿಯೂ ಇಲ್ಲ.

ಬುಡೇನ್ ಸಾಬನ ಅಂಗಡಿಗೆ ಹೋದೆ. “ನಮ್ಮೋರು ಏನಂದ್ರು ಮೋರೆ ತಗೊಳ್ಳೋವಾಗ?”

“ಬಾಯಿ ಅಗಲ ಇರೋದು ಕೊಡು ಅಂದ್ರು ಅಕ್ಕ. ಹಂದಿ ಹಾಕಿ ನೋಡಿದ್ರು, ಕಪ್ಪೆ ಹಾಕಿ ನೋಡಿದ್ರು. ಕನ್ನಡಿ ಮುಂದೆ ನಿಂತು ತಲೆ ಹಿಂಗೆ ಹಿಂಗೆ ಆಡಿಸಿದ್ರು.”

“ಯಾರ ಮೇಲೆ ಅಂತ ಹೇಳಿದ್ರಾ?”

“ಅಂಗಡಿಯೋನು ಅದನ್ನೆಲ್ಲ ಕೇಳಬಾರದು ಅಕ್ಕ.” ಆಮೇಲೆ ಪಾಪ ಅನಿಸಿತೇನೋ, ದನಿ ತಗ್ಗಿಸಿದ. “ಒಂದು ಮಾತು ಹೇಳ್ತೀನಿ. ಒಂದೇ ಮಾತಲ್ಲಿ ಮುಗಿಸೋರು ಮೇಕೆ ತಗೋತಾರೆ. ಕುದುರೆ ತಗೊಂಡೋರು ಬೇಗ ನಿಲ್ಲಿಸಲ್ಲ. ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ.”

ಮನೆಗೆ ಬರುವ ಹೊತ್ತಿಗೆ ಫಿಲೋಮಿನಾ ಕಾಂಪೌಂಡಿಗೆ ಒರಗಿ ಕಾಯುತ್ತಿದ್ದಳು. “ನಿಂಗಾಜಮ್ಮ, ನಿಮ್ಮನೆ ಕುದುರೆ ಒಳಗಡೆ ನೋಡ್ತಾ ಇದೆಯಲ್ಲೇ?”

“ಸೆಖೆಗೆ ತಿರುಗಿಕೊಂಡಿದೆ.”

“ಏನು ಮಾಡ್ದೆ ಅಂಥದ್ದು? ಆ ಸಾಧು ಪ್ರಾಣಿ ಕೈಲೂ ಮೋರೆ ಕೊಳ್ಳಿಸಿದ್ಯಲ್ಲ, ಭೇಷ್ ಕಣೆ.”

“ನಿನ್ನ ಕೆಲಸ ನೀನು ನೋಡ್ಕೋ, ನೀನೊಬ್ಳು...” ಅಲ್ಲಿಗೆ ನನ್ನ ದನಿ ನಿಂತಿತು. ಕರಡಿ ಒಳಗಿತ್ತು. ಫಿಲೋಮಿನಾ ಖಾಲಿ ಅಲ್ಲಾಡುವ ನನ್ನ ಬಾಯಿಯನ್ನು ಕೊನೆಯ ತನಕ ನೋಡಿ, “ಇದೂ ಸೇರಿಸಿ ಬೈತಾರೆ ಬಿಡು” ಅಂತ ಒಳಗೆ ಹೋದಳು.

ಮೊದಲು ನಾನು ಒಳ್ಳೆಯವಳಾಗಿ ನೋಡಿದೆ. ಬೆಳಗ್ಗೆ ತಟ್ಟೆ ಇಡ್ಲಿ, ಮಧ್ಯಾಹ್ನ ಅವನಿಗಿಷ್ಟ ಅಂತ ಬಸ್ಸಾರು. ಮೆತ್ತಗೆ ನಡೆದೆ, ಮೆತ್ತಗೆ ಪಾತ್ರೆ ಇಟ್ಟೆ. ಗಿರಾಕಿಗಳು ಬಂದು ಜಗಳ ತೆಗೆದರೂ ಕರಡಿ ಮುಟ್ಟಲಿಲ್ಲ. ಒಬ್ಬ ಘೇಂಡಾಮೃಗದ ಮೋರೆ ಹಾಕಿಕೊಂಡು ಪ್ಯಾಂಟಿನ ಜಿಪ್ ವಿಷಯಕ್ಕೆ ಇಡೀ ಬೀದಿ ಕೇಳುವ ಹಾಗೆ ಬೈದ. ನಾನು ಅವನಿಗೆ ಮಜ್ಜಿಗೆ ಕೊಟ್ಟೆ. ಅವನು ಮೋರೆ ಕಳಚಿ, “ಅಮ್ಮಾ, ಮೈ ಹುಷಾರಿಲ್ವಾ?” ಅಂತ ಕೇಳಿ, ಹೆದರಿಕೊಂಡು ಹೋದ. ಪುಟ್ಟಮಾದಪ್ಪನೂ ನನ್ನ ಹಣೆ ಮುಟ್ಟಿ ನೋಡಿದ. ಆದರೆ ಕುದುರೆ ಮೊಳೆಯ ಮೇಲೇ ಇತ್ತು, ಒಳಗಡೆಗೇ ನೋಡುತ್ತಿತ್ತು.

ಒಳ್ಳೆಯತನ ನನಗೆ ಹೆಚ್ಚು ದಿನ ತಡೆಯಲಿಲ್ಲ. ಒಳಗೆಲ್ಲ ಉರಿಯುತ್ತಿತ್ತು. ಬೈಯುವುದಿದ್ದರೆ ಬೈದು ಮುಗಿಸಲಿ, ಹೀಗೆ ಮೊಳೆಗೆ ಹಾಕಿ ನನ್ನನ್ನು ಒಣಗಿಸುವುದೇನು ಅಂತ ಹಟ ಬಂತು. ಅವನು ಇಸ್ತ್ರಿ ಮಾಡಿಟ್ಟ ಕಾಲರುಗಳ ಮೇಲೆ ಹೋಗಿ ಕೂತೆ. “ಇರಲಿ ಬಿಡು” ಅಂದ. ಗುಂಡಿ ಡಬ್ಬಿಯನ್ನು ಅವನ ಕಣ್ಣೆದುರೇ ರಾಗಿ ಮೂಟೆಗೆ ಸುರಿದೆ. “ಕೈ ಜಾರ್ತಾ? ಇರಲಿ ಬಿಡು” ಅಂದು, ಜರಡಿ ತಂದು ಕೂತು ರಾಗಿಯನ್ನು ಸೋಸತೊಡಗಿದ. ಅಷ್ಟೇ, ನನ್ನ ತಲೆ ಕೆಟ್ಟುಹೋಯಿತು. ಕರಡಿ ಎಳೆದು ಹಾಕಿಕೊಂಡೆ. ಬರಿ ಮುಖದಲ್ಲಿ ನಾನು ಗಂಡನಿಗೆ ಬಹುವಚನ ಕೊಡುವವಳೇ. ಕರಡಿಗೆ ಬಹುವಚನ ಗೊತ್ತಿಲ್ಲ.

“ಲೋ ಜರಡಿ ಹಿಡಿಯೋ ಗಂಡಸೇ! ಕುದುರೆ ತಂದು ಮೊಳೆಗೆ ಹಾಕಿ ನನ್ನ ಪ್ರಾಣ ಹಿಂಡ್ತಾ ಇದ್ದೀಯಲ್ಲೋ! ಬೈಯೋ ಯೋಗ್ಯತೆ ಇಲ್ಲದೋನಿಗೆ ಮೋರೆ ಯಾಕೆ ಬೇಕಿತ್ತು? ಅಷ್ಟು ರಬ್ಬರ್ ದಂಡ! ಮೂಗಬಸವ! ಹಾಕ್ಕೊಳ್ಳೋ ಇವತ್ತು, ಇಲ್ಲಾಂದ್ರೆ ಅದನ್ನ ಒಲೆಗೆ ಹಾಕ್ತೀನಿ!”

ಅವನು ಜರಡಿ ಕೆಳಗಿಟ್ಟ. ಬೇಜಾರೂ ಮಾಡಿಕೊಳ್ಳಲಿಲ್ಲ, ಹೆದರಲೂ ಇಲ್ಲ. “ಆಯ್ತು. ಇವತ್ತು ಸಾಯಂಕಾಲ ಹಾಕ್ಕೋತೀನಿ,” ಅಂದ. “ಬೀದಿಯೋರಿಗೂ ಹೇಳಿಬಿಡು. ಜನ ಇದ್ರೇನೇ ಚೆನ್ನ.”

ಜನ ಇದ್ದರೇ ಚೆನ್ನವಂತೆ! ನಾನು ಒಳಗೆ ಹೋಗಿ ಟ್ರಂಕು ಹುಡುಕಿದೆ. ಟ್ರಂಕಿನ ತುಂಬ ಅವನ ಬಟ್ಟೆ ತುಂಡುಗಳು. ಹೋಗುವುದಕ್ಕೂ ಒಂದು ಟ್ರಂಕು ಉಳಿಸಿಲ್ಲ ಈ ಮನುಷ್ಯ ಅಂತ ಅಲ್ಲೇ ಕೂತು ಅತ್ತೆ.

ಬೀದಿಯವರಿಗೆ ನಾನು ಹೇಳಬೇಕಾಗಿಯೇ ಇರಲಿಲ್ಲ. ಬಿಸಿಲು ಇಳಿಯುವಷ್ಟರಲ್ಲಿ ಕುರ್ಚಿ, ಸ್ಟೂಲು, ಚಾಪೆ ಎಲ್ಲ ನಮ್ಮ ಮನೆ ಮುಂದೆ. ಬುಡೇನ್ ಸಾಬ್ ಅಂಗಡಿ ಮುಚ್ಚಿ ಬಂದಿದ್ದ. ಫಿಲೋಮಿನಾ ಬೇಯಿಸಿದ ಕಡಲೆಕಾಯಿ ತಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ನಾನು ಜಗಲಿ ಪಕ್ಕದಲ್ಲಿ ಬರಿ ಮುಖದಲ್ಲಿ ನಿಂತೆ. ನನ್ನಿಂದ ಬೈಸಿಕೊಳ್ಳದ ಮುಖ ಆ ಗುಂಪಿನಲ್ಲಿ ಒಂದಾದರೂ ಇದೆಯಾ ಅಂತ ಹುಡುಕಿದೆ. ಇರಲಿಲ್ಲ. ಎಲ್ಲರ ಕಣ್ಣೂ ಹೊಳೆಯುತ್ತಿದ್ದವು.

ಪುಟ್ಟಮಾದಪ್ಪ ಇಸ್ತ್ರಿ ಶರ್ಟ್ ಹಾಕಿಕೊಂಡು ಹೊರಗೆ ಬಂದ. ಕುದುರೆಯನ್ನು ಎರಡು ಕೈಯಲ್ಲಿ ಹಿಡಿದು, ತಲೆಗೆ ಇಳಿಸಿಕೊಂಡು, ಕಣ್ಣಿನ ತೂತು ಸರಿಮಾಡಿಕೊಂಡ. ಫೋನನ್ನು ಜಗಲಿ ಮೇಲಿಟ್ಟು ಏನೋ ಒತ್ತಿದ. ಡೋಲು, ತುತ್ತೂರಿ, ಏನೇನೋ ಗಲಾಟೆ ಹೊರಟಿತು. ಆಮೇಲೆ ಅವನು ಕುಣಿದ.

ನಾನು ಸುಳ್ಳು ಹೇಳುವುದಿಲ್ಲ. ಕುಣಿಯುವುದಕ್ಕೆ ಅವನಿಗೆ ಗೊತ್ತಿದ್ದದ್ದು ಒಂದೇ, ಮಿಷನ್ ತುಳಿಯುವುದು. ಅದನ್ನೇ ನಿಂತುಕೊಂಡು ತುಳಿದ. ಬಲಗಾಲು ಟಕ ಟಕ, ಕೈ ಬಟ್ಟೆ ಮುಂದಕ್ಕೆ ತಳ್ಳಿದ ಹಾಗೆ, ಮೇಲೆ ಆ ದೊಡ್ಡ ಕುದುರೆ ತಲೆ ಕತ್ತಿನ ಮೇಲೆ ನಿಲ್ಲದೆ ಗಿಡಕ್ಕೆ ಗಾಳಿ ಬಡಿದ ಹಾಗೆ ತೂಗಾಡುತ್ತಿತ್ತು. ಬೀದಿಗೆ ಬೀದಿಯೇ ತೆಪ್ಪಗೆ ನೋಡಿತು. “ಬೈಯೋಕೆ ಮುಂಚೆ ಮೈ ಬಿಸಿ ಮಾಡ್ಕೋತಿದಾನೆ, ಭಾರಿ ಇದೆ ಇವತ್ತು” ಅಂತ ಯಾರೋ ಪಿಸುಗುಟ್ಟಿದರು. ಫಿಲೋಮಿನಾ ಕಡಲೆಕಾಯಿ ಬಾಯಿಗೆ ಹಾಕಿಕೊಳ್ಳುವುದನ್ನೇ ಮರೆತಳು.

ಹಾಡು ನಿಂತಿತು. ಕುದುರೆ ತುಟಿ ಅಲ್ಲಾಡಿತು. ದನಿ ಬರಲಿಲ್ಲ. ಮತ್ತೆ ಅಲ್ಲಾಡಿತು. ಬರಲಿಲ್ಲ. ಜನ ಮುಂದಕ್ಕೆ ಬಾಗಿದರು. ಕೊನೆಗೆ ಅವನು ಮೋರೆಯನ್ನು ಹಣೆಯ ಮೇಲಕ್ಕೆ ಏರಿಸಿದ. ಒಳಗಿನ ಮುಖ ಬೆವರಿನಲ್ಲಿ ಮಿಂದಿತ್ತು, ಆದರೆ ಮದುವೆ ಗಂಡಿನ ಹಾಗೆ ಅರಳಿತ್ತು.

“ಹೊರಗಡೆ ಊರುಗಳಲ್ಲಿ ಇದನ್ನ ನಗೋಕೆ ಹಾಕ್ಕೋತಾರೆ,” ಅಂದ. “ಫೋನಿನಲ್ಲಿ ದಿನಾ ನೋಡ್ತಿದ್ದೆ. ಅವರು ಬೈತಾ ಇಲ್ಲ. ಸುಮ್ನೆ ಕುಣಿತಾರೆ, ನೋಡಿದೋರು ನಗ್ತಾರೆ. ನಂಗೂ ಆಸೆ ಆಯ್ತು. ಮಿಷನ್ ಮುಂದೆ ಕೂತು ಆ ಕುದುರೆ ನೋಡಿದ್ರೆ ನಗು ತಡೆಯೋಕಾಗ್ತಿರಲಿಲ್ಲ. ಅದರ ಮುಖ ನಂಗೆ ಕಾಣಲಿ ಅಂತ್ಲೇ ಒಳಗಡೆ ತಿರುಗಿಸಿ ಹಾಕಿದ್ದೆ.”

ಬುಡೇನ್ ಸಾಬ್ ತಲೆ ಕೆರೆದುಕೊಂಡ. “ನಗೋಕಾ? ಮೋರೆ ನೋಡಿ?” ಅಂದ. ಹಿಂದಿನಿಂದ ಒಬ್ಬರು ಕುರ್ಚಿ ಮಡಚಿದ ಸದ್ದಾಯಿತು. “ಬೈಗುಳ ಇಲ್ವಾ ಹಾಗಾದ್ರೆ?” ಅಂತ ಫಿಲೋಮಿನಾ ಕೇಳಿದಳು. ಮೋಸ ಹೋದವಳ ದನಿ.

ನನ್ನ ಗಂಡನ ಮುಖ ನೋಡಿದೆ. ಅರಳಿದ್ದು ಮುದುಡಿತು. ಅವನು ಮೆಲ್ಲಗೆ ಕುದುರೆಯನ್ನು ಮತ್ತೆ ಕೆಳಕ್ಕೆ ಎಳೆದುಕೊಂಡ. ಯಾರಿಗೂ ಮುಖ ಕಾಣಬಾರದು ಅಂತ ಎಳೆದುಕೊಂಡದ್ದು, ನನಗೆ ಗೊತ್ತಾಯಿತು. ನನಗೆ ಬೈಗುಳ ತಪ್ಪಿತು ಅಂತ ಆ ಗಳಿಗೆಯಲ್ಲಿ ಸಂತೋಷವಾಗಬೇಕಾಗಿತ್ತು, ಆಗಲಿಲ್ಲ. ಅಡಿಯಿಂದ ಮುಡಿಯ ತನಕ ಬೆಂಕಿ ಹತ್ತಿತು. ಒಳಗೆ ಓಡಿ ಕರಡಿ ಹಾಕಿಕೊಂಡು ಜಗಲಿಗೆ ಹಾರಿದೆ.

“ಏನ್ರೋ ನೋಡ್ತೀರ ಗೂಬೆಗಳಾ! ನಗ್ರೋ! ಕಂಡೋರ ಮನೆ ಬೈಗುಳ ಅಂದ್ರೆ ಚಾಪೆ ತಗೊಂಡು ಬರ್ತೀರ, ಒಬ್ಬ ಮನುಷ್ಯ ಬೆವರು ಸುರಿಸಿ ಕುಣಿದ್ರೆ ಹಲ್ಲು ಬಿಡೋಕೆ ಏನು ರೋಗ ನಿಮಗೆ! ಲೇ ಫಿಲೋಮಿನಾ, ಕಡಲೆಕಾಯಿ ತಿಂದಿದ್ದೀಯಲ್ಲ ನಮ್ಮನೆ ಮುಂದೆ ಕೂತು, ನಗೇ! ಬುಡೇನ್, ಹಲ್ಕಟ್ ರಬ್ಬರ್ ಮಾರೋನೇ, ನಗೋ! ಮಡಚಿದ ಕುರ್ಚಿ ಬಿಚ್ಚೋ ಅಯೋಗ್ಯ! ಒಬ್ಬೊಬ್ರೂ ನಗೋವರೆಗೆ ಈ ಬೀದಿ ಬಿಟ್ಟು ಹೋದ್ರೆ ಕಾಲು ಮುರೀತೀನಿ!”

ಪಾಪ, ಅವರು ಪ್ರಯತ್ನಪಟ್ಟರು. “ಹೆ... ಹೆ...” ಅಂತ ಫಿಲೋಮಿನಾ ಶುರುಮಾಡಿದಳು, ಕಣ್ಣಲ್ಲಿ ನೀರು. ಬುಡೇನ್ ಸಾಬ್ ಹಲ್ಲನ್ನು ಮಾತ್ರ ತೋರಿಸಿದ. “ಇದು ನಗುವೇನೋ, ಹಲ್ಲುನೋವೇನೋ!” ಅಂತ ನಾನು ಇನ್ನೂ ಜೋರು ಮಾಡುವಷ್ಟರಲ್ಲಿ ನನ್ನ ಬೆನ್ನ ಹಿಂದೆ ಗುಡುಗು ಬಿದ್ದ ಹಾಗಾಯಿತು.

“ಸುಮ್ನಿರೇ!”

ನಾನು ತಿರುಗಿದೆ. ಕುದುರೆ ಸೊಂಟದ ಮೇಲೆ ಕೈಯಿಟ್ಟು ನಿಂತಿತ್ತು. ನನ್ನ ಗಂಡನ ಎದೆಯೊಳಗೆ ಅಷ್ಟು ದೊಡ್ಡ ದನಿ ಇದೆ ಅಂತ ನನಗಾಗಲಿ ಅವನಿಗಾಗಲಿ ಅಲ್ಲಿಯ ತನಕ ಗೊತ್ತಿರಲಿಲ್ಲ.

“ಎಲ್ಲಾ ಹಾಳು ಮಾಡ್ದೆಯಲ್ಲೇ ಹಾಳಾದೋಳೇ! ಎಮ್ಮೆ ಬಂದ್ರೂ ನೀನೇ, ಘೇಂಡಾ ಬಂದ್ರೂ ನೀನೇ! ಈ ಊರಲ್ಲಿ ನಂದು ಅಂತ ಒಂದು ಜಗಳ ಉಳಿಸಿದ್ದೀಯಾ? ಬಿಚ್ಚೇ ಕರಡೀನ! ಮೊದಲ ಮೋರೆ ನಂದು, ಕೆಳಗೆ ಇಳಿದು ಕೇಳು!”

ಕರಡಿ ಕಳಚಿದೆ. ಜಗಲಿಯಿಂದ ಇಳಿದೆ. ಪದ್ಧತಿ ಅಂದರೆ ಪದ್ಧತಿ.

“ಬಟ್ಟೆ ಕತ್ತರೀಲಿ ಕೊತ್ತಂಬರಿ ಸೊಪ್ಪು ಕತ್ತರಿಸ್ತೀಯ! ಮದುವೆಯಾದಾಗಿಂದ ಕತ್ತರಿಸ್ತೀಯ! ಸಿಲ್ಕ್ ಬ್ಲೌಸೆಲ್ಲ ಒಗ್ಗರಣೆ ವಾಸನೆ! ಅಳತೆ ಟೇಪ್‌ನಲ್ಲಿ ಹಾಲಿನ ಪಾತ್ರೆ ಮುಚ್ಚಳ ಕಟ್ತೀಯ! ಹುರುಳಿ ಸಾರು ನಂಗೆ ಸೇರಲ್ಲ, ಯಾವತ್ತೂ ಸೇರಿಲ್ಲ, ಹೇಳೋಕೆ ಬಿಟ್ಟಿದ್ದೀಯಾ? ಗುಂಡೀನ ರಾಗಿಗೆ ಸುರಿದೆಯಲ್ಲ, ಯಾವ ಹುಚ್ಚು ನಾಯಿ ಕಚ್ಚಿತ್ತು ನಿಂಗೆ?”

ಒಂದೊಂದಕ್ಕೂ ಬೀದಿಯವರು “ಅಬ್ಬಾ” ಅನ್ನುತ್ತಿದ್ದರು. ಫಿಲೋಮಿನಾ ಮತ್ತೆ ಕಡಲೆಕಾಯಿ ಬಿಡಿಸತೊಡಗಿದ್ದಳು. ನಾನು ಇಷ್ಟು ದಿನ ಹೆದರಿ ಸತ್ತದ್ದು ಇದಕ್ಕೇ, ಇದೇ ಈಗ ನನ್ನ ತಲೆ ಮೇಲೆ ಬೀಳುತ್ತಿತ್ತು. ಆದರೆ ನನ್ನ ಎದುರಿಗಿದ್ದದ್ದೇನು? ಇಸ್ತ್ರಿ ಶರ್ಟು, ಅದರ ಮೇಲೆ ಹಲ್ಲು ಕಿರಿದ ಕುದುರೆ. ಬೈಗುಳದ ರಭಸಕ್ಕೆ ಅದರ ತಲೆ ಒಂದು ಕಡೆ ವಾಲಿ, ಒಂದು ಕಣ್ಣು ಆಕಾಶಕ್ಕೆ, ಒಂದು ಕಣ್ಣು ಫಿಲೋಮಿನಾ ಕಡೆಗೆ. ಒಳಗಿದ್ದವನಿಗೆ ಏನೂ ಕಾಣದೆ ನಮ್ಮ ಬಾಗಿಲ ಕಂಬಕ್ಕೆ ಬೆರಳು ತೋರಿಸಿ, “ಕೊತ್ತಂಬರಿ ಕಳ್ಳೀ!” ಅಂತ ಕೂಗಿದ.

ನನಗೆ ನಗು ಉಕ್ಕಿತು. ತುಟಿ ಕಚ್ಚಿ ಹಿಡಿದೆ. ನಿಲ್ಲಲಿಲ್ಲ. ಮೋರೆ ನೋಡಿ ನಗಬಹುದು ಅಂತ ಆ ತನಕ ನನಗೆ ಹೊಳೆದೇ ಇರಲಿಲ್ಲ. ನೆಲದ ಮೇಲೆ ಕೂತು ನಕ್ಕೆ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನನ್ನನ್ನು ನೋಡಿ ಫಿಲೋಮಿನಾಗೆ ಅಂಟಿಕೊಂಡಿತು, ಅವಳಿಂದ ಬುಡೇನ್ ಸಾಬನಿಗೆ, ಅಲ್ಲಿಂದ ಚಾಪೆಯವರಿಗೆ, ಸ್ಟೂಲಿನವರಿಗೆ. ಕುರ್ಚಿ ಮಡಚಿಕೊಂಡಿದ್ದವನು ಕುರ್ಚಿಯ ಸಮೇತ ಬಿದ್ದ.

ಕುದುರೆ ಬೈಯುವುದು ನಿಲ್ಲಿಸಿತು. ಎರಡೂ ಕೈಯಲ್ಲಿ ತಲೆ ಸರಿಮಾಡಿಕೊಂಡು, ತೂತಿನೊಳಗಿಂದ ನಮ್ಮನ್ನೆಲ್ಲ ನೋಡಿತು. ಆಮೇಲೆ ಹಿಂದೆಂದಿಗಿಂತ ಜೋರಾಗಿ ಅರಚಿತು.

“ಈಗ ನಗ್ತೀರಲ್ರೋ ಕತ್ತೆಗಳಾ! ಕುಣಿಯೋವಾಗ ನಗೋಕೆ ಏನಾಗಿತ್ತು ನಿಮಗೆ!”

“ತಪ್ಪಾಯ್ತು ಕಣ್ರೀ,” ಅಂದೆ ಕಣ್ಣೊರೆಸಿಕೊಳ್ಳುತ್ತಾ. “ಇನ್ನೊಂದ್ಸಲ ಕುಣೀರಿ.”

ಅವನು ಬಗ್ಗಿ ಮತ್ತೆ ಫೋನು ಒತ್ತಿದ. ಬಲಗಾಲು ಟಕ ಟಕ, ಕೈ ಮುಂದಕ್ಕೆ ಮುಂದಕ್ಕೆ, ಹಿಂದಿನದೇ ಕುಣಿತ, ಒಂದು ಹೆಜ್ಜೆ ಹೆಚ್ಚಿಲ್ಲ. ನಿಜ ಹೇಳುತ್ತೇನೆ, ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಪಕ್ಕೆ ನೋಯುವ ತನಕ ನಕ್ಕೆ.